ಕ್ರಿಮಿ ಬೆಳೆದ ತಟ್ಟೆ

ಮುಳಬಾಗಿಲು, 19 ಆಗಸ್ಟ್ 2009, ಬುಧವಾರ

ಕೈಯಿಂದ ಬೇವಿನ ವಾಸನೆ ಹೋಗಿಲ್ಲ. ಸಿಟ್ಟೂ ಇಳಿದಿಲ್ಲ.

ಹಂದಿಜ್ವರದ ಭಯದಿಂದ ಅಂಗಡಿಗಳಲ್ಲಿ ಸ್ಯಾನಿಟೈಸರ್ ಸಿಗುತ್ತಿಲ್ಲ. ಅದಕ್ಕೇ ನಾನೂ ಸೌಪರ್ಣಿಕಾಳೂ ಕಾಲೇಜಿನ ಲ್ಯಾಬಿನಲ್ಲಿ ಬೇವು, ತುಳಸಿ, ಲೋಳೆಸರ ಅರೆದು ನಮ್ಮದೇ ಒಂದನ್ನು ಮಾಡಿದೆವು; ಅರ್ಧಕ್ಕೆ ಸ್ಪಿರಿಟ್ ಬೆರೆಸಿ, ಇನ್ನರ್ಧವನ್ನು ಬರೀ ರಸವಾಗಿಯೇ ಇಟ್ಟೆವು. ಅದನ್ನು ಹಚ್ಚಿಕೊಂಡ ಬೆರಳನ್ನು ಗಾಜಿನ ತಟ್ಟೆಗಳಿಗೆ ಒತ್ತಿ, ಕ್ರಿಮಿ ಬೆಳೆಯುತ್ತದೋ ಎಂದು ನೋಡಲು ಇಟ್ಟಿದ್ದೆವು. ಇವತ್ತು ತೆಗೆದರೆ, ಸ್ಪಿರಿಟ್ ಬೆರೆಸಿದ್ದರ ತಟ್ಟೆ ಸ್ವಚ್ಛವಾಗಿತ್ತು. ಬರೀ ಎಲೆಯ ರಸದ ತಟ್ಟೆಯ ತುಂಬ ಕ್ರಿಮಿ.

ನಾಳೆ ಕೋಲಾರದಲ್ಲಿ ವಿಜ್ಞಾನ ಪ್ರದರ್ಶನ. ನಮ್ಮ ಲೆಕ್ಚರರ್ ಜಯಸಿಂಹ ಸರ್ ತಟ್ಟೆ ನೋಡಿ ಮುಖ ಸಿಂಡರಿಸಿದರು.

"ಅಜ್ರಾ, ಅದನ್ನ ತೊಳ್ದಿಡಮ್ಮ. ಎಲೆಯಿಂದ್ಲೇ ಕ್ರಿಮಿ ಸಾಯುತ್ತೆ ಅಂತ ಬೋರ್ಡ್ ಬರ್ಸಾಗಿದೆ."

"ಸಾಯ್ಲಿಲ್ವಲ್ಲ ಸರ್!"

"ಯಾರಮ್ಮಾ ಪರೀಕ್ಷೆ ಮಾಡಕ್ಕೆ ಬರ್ತಾರೆ?"

"ಬೋರ್ಡ್ ನಂಬ್ಕೊಂಡು ಜನ ಬರೀ ಎಲೆ ಉಜ್ಕೊಂಡ್ರೆ? ಅದೇ ಕೈಲಿ ಮಕ್ಕಳಿಗೆ ಊಟ ಮಾಡ್ಸಿದ್ರೆ?"

"ಹಂಗಾದ್ರೆ ನೀನು ಬರೋದೇ ಬೇಡ. ಸೌಪರ್ಣಿಕಾ ಒಬ್ಳೇ ಬರ್ಲಿ."

ಸೌಪರ್ಣಿಕಾ ತಲೆ ತಗ್ಗಿಸಿದಳು. ಒಪ್ಪಿಬಿಟ್ಟಳು ಅಂದುಕೊಂಡೆ. ಅವಳು ಎದುರು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಆದರೆ ಮೆಲ್ಲಗೆ ಹೇಳಿದಳು: "ಆ ತಟ್ಟೆ ಇಲ್ದೆ ನಾನೂ ಬರಲ್ಲ ಸರ್."

ಸರ್ ಬಾಗಿಲು ದಡಾರನೆ ಎಳೆದುಕೊಂಡು ಹೋದರು. ನಾವಿಬ್ಬರೂ ಬಣ್ಣದ ಡಬ್ಬಿ ತಂದು ಬೋರ್ಡಿನ ಸುಳ್ಳನ್ನು ಬಳಿದು ಮುಚ್ಚಿದೆವು. ಅದರ ಮೇಲೆ ದಪ್ಪಕ್ಷರದಲ್ಲಿ "ಎಲೆ ಮಾತ್ರ ಸಾಲದು" ಎಂದು ಬರೆದೆವು.

ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹೋಗುತ್ತೇವೆ. ಒಳಗೆ ಬಿಡದಿದ್ದರೆ ಗೇಟಿನ ಹತ್ತಿರವೇ ನಿಂತು ಎರಡೂ ತಟ್ಟೆ ತೋರಿಸುತ್ತೇವೆ. ಓಡಿಸುವವರು ಓಡಿಸಲಿ, ನೋಡೋಣ. ಕಣ್ಣು ಎಳೆಯುತ್ತಿದೆ, ಆದರೂ ಸಿಟ್ಟು ಮಲಗಲು ಬಿಡುತ್ತಿಲ್ಲ.