ಹೆಣ್ಣಿಗನಿಗೆ ಸಿಗದ ಕರಗ

ಪ್ರೇಮನ ಅಪ್ಪನವರಿಗೆ,

ನೀವು ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನೀವು ತೀರಿಕೊಂಡ ಮೇಲೆ ನಮ್ಮ ಪಾಳ್ಯದ ದೇವಿಯ ಕರಗ ಯಾರು ಹೊರಬೇಕೆಂದು ತೀರ್ಮಾನಿಸಲು ಇವತ್ತು ಕುಲದ ಹಿರಿಯರು ಮನೆಗೆ ಬಂದಿದ್ದರು. ನಾನು ನಮ್ಮ ಪ್ರೇಮನ ಹೆಸರು ಹೇಳಿದೆ. ಮೊದಲು ನಕ್ಕವನು ನಿಮ್ಮ ತಮ್ಮ ಮುನಿಶಾಮಿ.

"ಆ ಹೆಣ್ಣಿಗನ ತಲೆ ಮೇಲಾ ಅತ್ಗೆ? ಅವನ ನಡಿಗೆ ನೋಡಿದ್ರೆ ಜನ ನಗ್ತಾರೆ."

ಎಸ್‌ಟಿಡಿ ಬೂತ್ ಮುಚ್ಚಿ ಬಂದ ಪ್ರೇಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಸೀರೆ ಉಟ್ಟು, ನನ್ನ ಬಳೆ ತೊಟ್ಟು, ನನ್ನ ತಾಳಿ ಹಾಕಿಕೊಂಡು, ಮೊಳಗಟ್ಟಲೆ ಮಲ್ಲಿಗೆ ಮುಡಿದು ನೀವು ಕರಗ ಹೊತ್ತು ಬೀದಿಗಿಳಿದಾಗ ಇದೇ ಮುನಿಶಾಮಿ ಕತ್ತಿ ಹಿಡಿದು ಕಾವಲಿಗೆ ಬರುತ್ತಿರಲಿಲ್ಲವೇ? ಆಗ ಯಾವನ ಬಾಯಲ್ಲೂ ಆ ಮಾತು ಬರಲಿಲ್ಲ. ಅವನು ಅದನ್ನು ಕಲಿತದ್ದು ನಮ್ಮ ಮನೆಯಲ್ಲೇ. ಮಗ ಅಂಗಳಕ್ಕೆ ರಂಗೋಲಿ ಹಾಕಿದನೆಂದು ನೀವು ಅವನನ್ನು ಹಾಗೆ ಕರೆದಾಗ ಮುನಿಶಾಮಿ ಜಗುಲಿಯ ಮೇಲೆ ಕೂತಿದ್ದ. ನಾನು ಒಲೆಯ ಮುಂದಿದ್ದೆ.

ಪ್ರೇಮನಿಗೆ ಕರಗ ಇಲ್ಲವೆಂದು ಹೇಳಿ ಎಲ್ಲರೂ ಹೋದ ಮೇಲೆ ಅವನು ಕೇಳಿದ:

"ಅಮ್ಮ, ಅಪ್ಪ ಆ ವೇಷದಲ್ಲಿ ಬರುವಾಗ ಜನ ಏನಂತ ಕರೀತಿದ್ರು?"

"ತಾಯೀ ಅಂತ," ಅಂದೆ.