ಕೊನೆಯ ಹೋಳು

ಕೌನಸ್, ನವೆಂಬರ್ 9

ಮೇಲಿನ ಮನೆಯ ಅಚಿಯೆಂಗ್ ಮೇಡಂ ಅವರಿಗೆ,

"ಐ ಬೆಗ್ ಟು ಸ್ಟೇಟ್." ಕಾಲೇಜಿನ ಇಂಗ್ಲಿಷಿನಲ್ಲಿ ನನಗೆ ಗಟ್ಟಿಯಾಗಿ ನೆನಪಿರುವುದು ಇಷ್ಟೇ. ನಿಮಗೆ ನಮ್ಮ ಭಾಷೆ ಬಾರದೆಂದು ಅದರಲ್ಲೇ ಬರೆಯುತ್ತಿದ್ದೇನೆ, ಉಳಿದದ್ದನ್ನು ತಿದ್ದಿಕೊಂಡು ಓದಿ.

ನಿಮ್ಮ ಮನೆ ತಣ್ಣಗಿರುವುದಕ್ಕೆ ನಾನೇ ಕಾರಣ. ಬಿಸಿನೀರು ನಿಮ್ಮಲ್ಲಿಗೆ ಹತ್ತುವುದು ನನ್ನ ಕೋಣೆಯನ್ನು ಬೆಚ್ಚಗಿಡುವ, ಎರಕದ ಕಬ್ಬಿಣದ ಹೋಳುಗಳನ್ನು ಜೋಡಿಸಿದ ರೇಡಿಯೇಟರ್ ಮೂಲಕ. ತೀರಿಹೋದ ನನ್ನ ಹೆಂಡತಿ ದಂಗುವೊಲೆ ಪ್ರತಿ ಆಗಸ್ಟಿನಲ್ಲೂ, ಚಳಿಗಾಲಕ್ಕೆಂದು ಊರಿನ ಕೊಳವೆಗಳಿಗೆ ಶಾಖ ಬಿಡುವ ಮೊದಲು, ಅದಕ್ಕೆ ಬಿಳಿ ಬಣ್ಣ ಬಳಿಯುತ್ತಿದ್ದಳು. ನೀರಿನ ವಾಲ್ವನ್ನೂ ಬಿಡುತ್ತಿರಲಿಲ್ಲ. ಮೂವತ್ತು ವರ್ಷದ ಬಣ್ಣದಡಿ ಅದು ಅರ್ಧ ಮುಚ್ಚಿದಲ್ಲೇ ಕಚ್ಚಿಕೊಂಡಿದೆ. ಇಡೀ ರೇಡಿಯೇಟರನ್ನೇ ಕತ್ತರಿಸಿ ತೆಗೆಯಬೇಕಂತೆ.

ಕೊಳಾಯಿ ರಿಪೇರಿಯವನು ಎರಡು ಸಲ ಬಂದ. ನಾನು ಬಾಗಿಲ ಹಿಂದಿನಿಂದ, "ಮನೇಲಿ ಯಾರೂ ಇಲ್ಲ" ಅಂದೆ.

"ಮತ್ತೆ ಮಾತಾಡ್ತಿರೋದು ಯಾರು ತಾತಾ, ರೇಡಿಯೇಟರ್ರಾ?" ಅಂದು ನಗುತ್ತ ಹೋದ. ಅವನು ಮೆಟ್ಟಿಲಲ್ಲಿ ಸಿಕ್ಕಾನೆಂದು ವಾರದಿಂದ ಬ್ರೆಡ್ಡು ತರಲೂ ನಾನು ಹೊರಬಿದ್ದಿಲ್ಲ.

ಕಳೆದ ವರ್ಷ ಬಣ್ಣ ಒಣಗಿತೇ ಎಂದು ಅವಳು ಕೊನೆಯ ಹೋಳನ್ನು ಒತ್ತಿ ನೋಡಿದಳು. ಯಾವಾಗಲೂ ಅವಸರ ಅವಳಿಗೆ. ಹೆಬ್ಬೆರಳಿನ ಗುರುತು ಅಲ್ಲೇ ಉಳಿದಿದೆ. ಶಾಖ ಬಿಟ್ಟಾಗ ಬೆಚ್ಚಗಾಗುತ್ತದೆ.

ಆದರೆ ನಿಮ್ಮ ಮಗುವಿನ ಕೆಮ್ಮು ಕೊಳವೆಯೊಳಗೆ ಇಳಿದು ಅದೇ ಹೋಳಿನಲ್ಲಿ ಕೇಳಿಸುತ್ತದೆ. ಗುರುವಾರ ಬಾಗಿಲು ತೆರೆದಿಟ್ಟಿರುತ್ತೇನೆ. ರಿಪೇರಿಯವನಿಗೆ ನೀವೇ ತಿಳಿಸಿ. ಆ ಒಂದು ಹೋಳನ್ನು ಮಾತ್ರ ನನಗೆ ಬಿಡಿಸಿಕೊಡಲಿ, ತಣ್ಣಗಿದ್ದರೂ ಆಗಬಹುದು.

ನಿಮ್ಮ ಮನೆ ಬೆಚ್ಚಗಾದ ಮೇಲೆ ಚಮಚದಿಂದ ಕೊಳವೆಗೆ ಎರಡು ಏಟು ಹಾಕಿ. ಇಲ್ಲಿಯವರು ಜಗಳಕ್ಕೆ ಹಾಗೆ ಬಡಿಯುತ್ತಾರೆ. ನಾನು ಹಾಗೆ ತಿಳಿಯುವುದಿಲ್ಲ.

ಇಂತಿ, ಕೆಳಗಿನ ಮನೆಯ
ವೈದೋತಾಸ್