ಮೆಂಬರ್ ಸಾಬ್ರು

ಹೊಳೆಬಸಾಪುರ, ಹಡಗಲಿ ತಾಲೂಕು
ಶನಿವಾರ, ೧೧ ಏಪ್ರಿಲ್ ೧೯೮೭

ಪ್ರೀತಿಯ ಗೆಳತಿ ಶಿವಬಸಮ್ಮನಿಗೆ ಹಮೀದಾಳ ಸಲಾಮು.

ಹರಪನಹಳ್ಳಿಯಿಂದ ನೀನು ಬರೆದ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಮೊದಲು ಮಕ್ಕಳ ಕೆಮ್ಮು, ಆಮೇಲೆ ಈ ಮಂಡಲ ಪಂಚಾಯ್ತಿಯ ಗಲಾಟೆ. ಹೆಂಗಸರ ಸೀಟಿಗೆ ನಿಲ್ಲು ಎಂದು ಹುರಿದುಂಬಿಸಿದವಳು ನೀನೇ, ಈಗ ನೀನೇ ಕೇಳಿಸಿಕೋ.

ನಾನು ಗೆದ್ದೆನಲ್ಲ, ಅಂದಿನಿಂದ ಊರೆಲ್ಲ ನಮ್ಮ ಮನೆಯವರನ್ನು 'ಮೆಂಬರ್ ಸಾಬ್ರು' ಎಂದು ಕರೆಯುತ್ತದೆ. ಪಂಪುಸೆಟ್ಟು ರಿಪೇರಿಯ ಹೈದರಸಾಬರಿಗೆ ಈಗ ಇಸ್ತ್ರಿ ಅಂಗಿಯೇ ಬೇಕು. ಮೀಟಿಂಗಿಗೂ ಅವರೇ ಹೋಗುವುದು, ನಾನು ಮನೆಯಲ್ಲಿ ಕೂತು ರುಜು ಹಾಕುವುದು. ಮೊದಮೊದಲು ನನಗೂ ನಗು ಬರುತ್ತಿತ್ತು.

ನಾಡಿದ್ದು ಸೋಮವಾರ ಮಂಡಲ ಪ್ರಧಾನರ ಆಯ್ಕೆ, ಓಟು ಹಾಕುವವರು ನಾವು ಮೆಂಬರುಗಳು. ನಮ್ಮೂರ ಸಾಹುಕಾರರು ನಿಂತಿದ್ದಾರೆ. ಮೆಂಬರುಗಳು ಕೈ ತಪ್ಪಬಾರದೆಂದು ಟೆಂಪೊದಲ್ಲಿ ತುಂಬಿಕೊಂಡು ಯಾತ್ರೆ ಮಾಡಿಸುತ್ತಿದ್ದಾರೆ. ಗುರುವಾರ ನಾನು ನೀರು ತರುವಷ್ಟರಲ್ಲಿ ನಮ್ಮ ಮನೆಯವರನ್ನೂ ಎತ್ತಿಕೊಂಡು ಹೋಗಿದ್ದರು. ಮೆಂಬರು ಇವರೇ ಎಂದು ತಿಳಿದಿರಬೇಕು. "ಹುಚ್ಚರು, ಓಟು ಬಿಟ್ಟು ಗಂಡನ್ನ ಒಯ್ದಾರ" ಎಂದು ಓಣಿಯವರು ನಗುತ್ತಾರೆ. ನನಗೆ ಅಂದಿನಿಂದ ಅನ್ನ ಸೇರುತ್ತಿಲ್ಲ.

ನಿನ್ನೆ ಸಾಹುಕಾರರ ಆಳು ಬಂದಿದ್ದ. "ಸಾಬ್ರು ಆರಾಮ ಅದಾರ. ಸೋಮವಾರ ನೀವು ನಮ್ಮ ಸಾಹುಕಾರಗ ಓಟು ಹಾಕ್ರಿ, ಸಂಜಿಗೆ ಮನಿಗೆ ಬರ್ತಾರ" ಎಂದ. ಹಾಕದಿದ್ದರೆ ಏನೆಂದು ಅವನು ಹೇಳಲಿಲ್ಲ. ಪೊಲೀಸರ ಹತ್ತಿರ ಹೋದರೆ, "ತಿರುಗ್ಯಾಡಾಕ ಹೋಗ್ಯಾರ, ಬರ್ತಾರ ಬಿಡ್ರಿ" ಎಂದು ಕಳಿಸಿದರು.

ಹೊಳೆಯ ದಾರಿಗೆ ಬೇಲಿ ಹಾಕಿಸಿದವರು ಇದೇ ಸಾಹುಕಾರರು. ಅದನ್ನು ತೆಗೆಸುತ್ತೇನೆಂದು ನಂಬಿಯೇ ಓಣಿಯ ಹೆಂಗಸರು ಸುತ್ತುಹಾದಿಯಲ್ಲಿ ಕೊಡ ಹೊತ್ತು ಬಂದವರು, ಹಾಗೆಯೇ ಸಾಲಿನಲ್ಲಿ ನಿಂತು ನನಗೆ ಓಟು ಹಾಕಿದರು. ಅವರ ಮುಖ ನೋಡಲೋ, ಇವರ ಜೀವ ನೋಡಲೋ? ಶಾಲೆಯಲ್ಲಿ ಮೇಷ್ಟ್ರು 'ಪ್ರಜೆಯೇ ಪ್ರಭು' ಎಂದು ಬರೆಸುತ್ತಿದ್ದರಲ್ಲ, ನಾನು ಅದನ್ನು ನಿಜವೆಂದೇ ತಿಳಿದಿದ್ದೆ ಶಿವಬಸಿ.

ನಿನ್ನ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಕ್ಕಳು ನೂರು ಕಾಲ ಬಾಳಲಿ, ಅಲ್ಲಾ ನಿಮ್ಮನ್ನೆಲ್ಲ ಕಾಯಲಿ.

ನಿನ್ನ
ಹಮೀದಾ ಬೀ

ತಾ.ಕ.: ಲಕೋಟೆ ಅಂಟಿಸುವಾಗ ಪಕ್ಕದ ಮನೆಯ ಚೌಡಕ್ಕ ಬಂದಳು. ಗುರುವಾರ ಟೆಂಪೊ ಬಂದಾಗ ಅವಳು ಕಟ್ಟೆಯ ಮೇಲೆ ಕೂತಿದ್ದಳಂತೆ, ನನ್ನ ಅಳು ನೋಡಲಾರದೆ ಇಂದು ಹೇಳಿದಳು. ಬಂದವರು ನನ್ನ ಹೆಸರು ಹಿಡಿದೇ ಕೇಳಿದರಂತೆ. ಇವರು, "ಆಕೀಗೇನು ತಿಳೀತೈತ್ರಿ? ಮೆಂಬರು ನಾನ ಅದೀನಿ. ನಾ ಹೇಳಿದಂಗ ಹಾಕ್ತಾಳ, ನಡೀರಿ" ಎಂದು ತಾವೇ ಹೋಗಿ ಮುಂದಿನ ಸೀಟಿನಲ್ಲಿ ಕೂತರಂತೆ.